ಚಿಲ್ಲರೆ

ಬಿಸುವಿನ ಹಿಂದಿನ ರಾತ್ರಿ ಮಗಳು ಕಣಿ ಇಟ್ಟಳು.
ಬಾಳೆಲೆಯ ಮೇಲೆ ಕುಚ್ಚಲಕ್ಕಿ, ಒಂದು ತೆಂಗಿನಕಾಯಿ,
ಹೊಟ್ಟೆ ಉಬ್ಬಿದ ಸೌತೆ, ಬುಡದಲ್ಲಿ ಬೀಜ ನೇತಾಡುವ ಗೇರುಹಣ್ಣು.
ನನ್ನ ಶೇವಿಂಗ್ ಕನ್ನಡಿಯನ್ನು ಚೆಂಬಿಗೆ ಒರಗಿಸಿ
"ಅಪ್ಪ, ನಾಣ್ಯ ಉಂಟಾ?" ಕೇಳಿದಳು.

ಕಂಡಕ್ಟರ್ ಚೀಲಕ್ಕೆ ಕೈ ಹಾಕಿ ಹಿಡಿ ತುಂಬ ಕೊಟ್ಟೆ.

ಮುಂಜಾನೆ ಅವಳ ಅಂಗೈ ನನ್ನ ಕಣ್ಣು ಮುಚ್ಚಿ
ಗೋಡೆ ತಡವಿಸುತ್ತ ಕರೆದೊಯ್ದು ಬಿಟ್ಟಾಗ
ಮೊದಲು ಕಂಡದ್ದು ಅಕ್ಕಿಯಲ್ಲ, ಹೊಂಬಣ್ಣದ ಸೌತೆಯಲ್ಲ,
ಕನ್ನಡಿಯಲ್ಲಿ ನನ್ನ ಮುಖ.
ಅದರ ಗಲ್ಲದ ಕೆಳಗೆ ರಾಶಿ ಬಿದ್ದ ನಾಣ್ಯ.
ಒಂದೊಂದರ ಹೆಸರೂ ಗೊತ್ತಿತ್ತು.

ಇದು ಬೀಡಿ ಬ್ರಾಂಚಿಗೆ ಹೋಗುವ ಲೀಲಕ್ಕನದ್ದು.
ಉರ್ವಸ್ಟೋರಿನಲ್ಲಿ ಇಳಿಯುವಾಗ
ಬುಟ್ಟಿ ಹಿಡಿಯಲೋ ಕೈ ಚಾಚಲೋ ಎಂದು ನಿಂತು
ಬುಟ್ಟಿಯನ್ನೇ ಹಿಡಿದವಳು.
ಇದು ಐಸಮ್ಮನದ್ದು, ಮುಷ್ಟಿಯಲ್ಲಿ ಆಸ್ಪತ್ರೆಯ ಚೀಟಿ ಇತ್ತು.
ಈ ಐದು ಯುನಿಫಾರ್ಮಿನ ಹುಡುಗನದ್ದು.
"ಬಾಕಿ?" ಅಂದ. "ದುಂಬು ಪೋಲೆ" ಅಂದೆ.
ಮುಂದೆ ಮುಂದೆ ಹೋಗುತ್ತ ಅವನು ದೊಡ್ಡವನಾದ.

ಹದಿನಾಲ್ಕು ವರ್ಷ, ದಿನಕ್ಕೆ ಎಂಟು ಟ್ರಿಪ್ಪು.
"ಚಿಲ್ಲರೆ ಇಲ್ಲ" ಎನ್ನುವಾಗ ಚೀಲ ಸದ್ದು ಮಾಡದ ಹಾಗೆ
ಮೊಣಕೈಯಿಂದ ಒತ್ತಿ ಹಿಡಿಯುವುದು ನಾನೇ ಕಲಿತ ವಿದ್ಯೆ.
ಕದ್ದದ್ದಲ್ಲ. ಕಳ್ಳ ಎಂದು ಯಾರೂ ಅನ್ನಲಿಲ್ಲ.
ಸಂಜೆಗೊಂದು ಚಾ, ಒಂದು ಪ್ಲೇಟು ಗೋಳಿಬಜೆ,
ಅಷ್ಟೇ. ಚಿಲ್ಲರೆ ವಿಷಯ.

ಜನವರಿಗಳಲ್ಲಿ ನಾನು ಬದಲಾಗದೆ ಇದ್ದವನಲ್ಲ.
ಸೊಸೈಟಿಯವರು ಕೊಟ್ಟ ಡೈರಿಯ ಮೊದಲ ಪುಟದಲ್ಲಿ
ಗುಟ್ಕಾ ಬಿಟ್ಟೆ, ಸಿಟ್ಟು ಬಿಟ್ಟೆ, ಬೆಳಿಗ್ಗೆ ಎದ್ದು ಓಡಿದೆ.
ನಾಲ್ಕನೇ ತಾರೀಕಿನಿಂದ ಅದರಲ್ಲಿ
ಹೆಂಡತಿ ಹಾಲಿನ ಲೆಕ್ಕ ಬರೆಯುತ್ತಾಳೆ.

ಈ ಸಲ ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ.
ಇಡೀ ವರ್ಷಕ್ಕೆ ಮಾತು ಕೊಡುವ ಧೈರ್ಯವೂ ಇರಲಿಲ್ಲ.
ಕಾವೂರಿನಿಂದ ಸ್ಟೇಟ್‌ಬ್ಯಾಂಕಿನವರೆಗೆ ಅಂದುಕೊಂಡೆ,
ಈ ಒಂದು ಟ್ರಿಪ್ಪು.
ಅಲ್ಲಿ ಬಸ್ಸು ತಿರುಗಿಸುವಾಗ, ಸರಿ,
ಇನ್ನೊಂದು.

ಮೀನುಪೇಟೆಯಲ್ಲಿ ನೂರು ಕೊಟ್ಟು
ತೊಂಬತ್ತೈದರ ಚಿಲ್ಲರೆ ತಂದೆ.
ಲೀಲಕ್ಕನ ಕೈಗೆ ಎರಡು ರೂಪಾಯಿ ಹಾಕಿದರೆ
ಆಚೆ ಈಚೆ ಮಗುಚಿ ನೋಡಿದಳು:
"ಎಂತ, ಓಡುವುದಿಲ್ಲವಾ ಇದು?"

ಹನ್ನೊಂದನೇ ದಿನ, ನೆತ್ತಿಯ ಬಿಸಿಲು.
ಕೊಟ್ಟಾರಚೌಕಿಯಲ್ಲಿ ಕಿವಿ ಕೇಳದ ಮುದುಕರೊಬ್ಬರು ಇಳಿದು
ಬಸ್ಸು ಫ್ಲೈಓವರಿನ ನೆರಳು ದಾಟಿತ್ತು.
ಅವರ ಎರಡು ರೂಪಾಯಿ ನನ್ನ ಬೆರಳ ಸಂದಿಯಲ್ಲಿತ್ತು.
ಹಿಂದೆ ಇನ್ನೊಂದು ಬಸ್ಸು, ಟೈಮಿಂಗಿನ ಜಗಳ.
ಮುಂದೆ ಸಿಪ್ರಿಯನ್, ಕಾಲೆಲ್ಲ ಆಕ್ಸಿಲರೇಟರಿನ ಮೇಲೆ.
ಎರಡು ವಿಶಿಲಿಗೆ ಹೊರಡುವುದು, ಒಂದಕ್ಕೆ ನಿಲ್ಲುವುದು.
ಬಾಯಲ್ಲಿ ವಿಶಿಲು ಸ್ವಲ್ಪ ಹೊತ್ತು
ಸುಮ್ಮನೆ ಇತ್ತು.

ಒಂದು ಊದಿದೆ.

ಚೀಲ ತೊಡೆಗೆ ಬಡಿಯುತ್ತ ಓಡಿದೆ.
ನನ್ನನ್ನು ಕಂಡ ಮುದುಕರು ಕೊಡೆ ಅಡ್ಡ ಹಿಡಿದು
ಎರಡೂ ಜೇಬು ತಡಕಾಡಿ
ಮುದುಡಿದ ಟಿಕೆಟು ಎತ್ತಿ ತೋರಿಸಿದರು:
"ತೆಗೊಂಡಿದ್ದೇನೆ ಮಾರಾಯ, ನೋಡು!"
ಅಲ್ಲ ಅಜ್ಜ, ಬಾಕಿ, ಅಂದೆ. ಕೇಳಲಿಲ್ಲ.
ಅಂಗೈ ಬಿಡಿಸಿ ನಾಣ್ಯ ಇಟ್ಟೆ.
ಅದನ್ನು ನೋಡಿದರು, ನನ್ನನ್ನು ನೋಡಿದರು,
ಟಿಕೆಟನ್ನು ನನ್ನ ಕೈಯಲ್ಲಿಟ್ಟು ನಡೆದರು.

ಮೂರು ನಿಮಿಷ ಲೇಟು. ಸಿಪ್ರಿಯನ್ ಕೊಂಕಣಿಯಲ್ಲಿ ಬೈದದ್ದು
ನನಗೆ ಅರ್ಧ ತಿಳಿಯಿತು.
ಕೂಳೂರು ಬಂತು. ಇಳಿಯುವವರು ಎದ್ದರು.
ಯಾರಿಗೋ ಮೂರು ರೂಪಾಯಿ ಕೊಡಲಿಕ್ಕಿತ್ತು.
ಮೊಣಕೈ ತನ್ನಷ್ಟಕ್ಕೆ
ಚೀಲದ ಮೇಲೆ ಹೋಗಿ ಕೂತಿತ್ತು.

ತೆಗೆದೆ.